ಸತ್ವಾದಲ್ಲಿ ಬಿಟ್ಟು ಬಂದ ಪೆನ್ ಡ್ರೈವ್

ಕಳೆದ ಚಳಿಗಾಲದ ಒಂದು ಗುರುವಾರ ಸಂಜೆ ಸತ್ವಾದ ಒಂದು ಟೈಪಿಂಗ್ ಸೆಂಟರ್‌ನಲ್ಲಿ ನನ್ನ ಪೆನ್ ಡ್ರೈವ್ ಬಿಟ್ಟು ಬಂದೆ. ಗೊತ್ತಾಗಿದ್ದು ರಾತ್ರಿ ಹನ್ನೊಂದೂವರೆಗೆ, ಮಲಗುವ ಮುಂಚೆ ಪ್ಯಾಂಟಿನ ಜೇಬು ಖಾಲಿ ಮಾಡುವಾಗ. ಅಷ್ಟೊತ್ತಿಗೆ ಅಂಗಡಿ ಮುಚ್ಚಿತ್ತು. ಮರುದಿನ ಶುಕ್ರವಾರ, ಅದು ತೆರೆಯುವುದು ಜುಮ್ಮಾ ನಮಾಜು ಮುಗಿದ ಮೇಲೆ. ಅಂದರೆ ಹೆಚ್ಚುಕಡಿಮೆ ಹದಿನೈದು ಗಂಟೆ ಕಾಯಬೇಕು.

ಹೋಗಿದ್ದ ಕೆಲಸ ಸಣ್ಣದು. ಶಿವಮೊಗ್ಗದಲ್ಲಿ ಅಪ್ಪ ಬಿಟ್ಟುಹೋದ ಒಂದು ಸೈಟ್ ಇದೆ, ಅದರ ವ್ಯವಹಾರ ನೋಡಿಕೊಳ್ಳಲು ತಮ್ಮನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಸಬೇಕಿತ್ತು. ಡಿಐಎಫ್‌ಸಿಯ ನನ್ನ ಕಚೇರಿಯಿಂದ ಸತ್ವಾಕ್ಕೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಬ್ರಹ್ಮಚಾರಿಯಾಗಿದ್ದಾಗ ಎರಡು ವರ್ಷ ಅಲ್ಲೇ ಬೆಡ್ ಸ್ಪೇಸ್‌ನಲ್ಲಿ ಇದ್ದವನು ನಾನು. ದರ್ಜಿ ಅಂಗಡಿ, ಗಿಡ ಮಾರುವ ಬೀದಿ, ಕಾರಿನ ಸೀಟಿಗೆ ಕವರ್ ಹೊಲಿಯುವವರು, ಕಡಕ್ ಚಹಾ, ಎಲ್ಲವೂ ಇನ್ನೂ ಅಲ್ಲೇ ಇವೆ. ಟೈಪಿಂಗ್ ಸೆಂಟರ್‌ನ ಹುಡುಗ ಕಾಸರಗೋಡಿನವನು. ನನ್ನ ಜೊತೆ ಕನ್ನಡ, ಪಕ್ಕದವನ ಜೊತೆ ಮಲಯಾಳ, ಫೋನಿನಲ್ಲಿ ತುಳು, ಪರದೆಯ ಮೇಲೆ ಅರಬಿ. "ಸಾರ್, ಆಧಾರ್ ಉಂಟಾ? ಪಾಸ್‌ಪೋರ್ಟ್ ಉಂಟಾ?" ಎಂದ. ಎಲ್ಲಾ ಇದರಲ್ಲಿ ಉಂಟು ಎಂದು ಪೆನ್ ಡ್ರೈವ್ ಕೊಟ್ಟೆ. ಎಲ್ಲಾ ಅಂದರೆ ನಿಜಕ್ಕೂ ಎಲ್ಲಾ.

ಆ ರಾತ್ರಿ ನಿದ್ದೆ ಬರಲಿಲ್ಲ. ವೃತ್ತಿಯ ಚಟ, ಎಕ್ಸೆಲ್ ತೆರೆದು ಕೂತೆ. ಮೊದಲ ಕಾಲಮ್ಮಿನಲ್ಲಿ ಡ್ರೈವ್‌ನಲ್ಲಿ ಏನೇನಿದೆ, ಎರಡನೆಯದರಲ್ಲಿ ಅದು ಬೇರೆಯವರ ಕೈ ಸೇರಿದರೆ ಏನಾಗಬಹುದು, ಮೂರನೆಯದರಲ್ಲಿ ಸರಿಪಡಿಸಲು ಎಷ್ಟು ದಿನ. ನಾಲ್ಕು ಜನರ ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿಯ ಎರಡೂ ಬದಿ, ಪ್ಯಾನ್, ಆಧಾರ್, ಸೈಟಿನ ಕ್ರಯಪತ್ರ, ಖಾತಾ, ಕಂದಾಯದ ರಸೀದಿ, ಎನ್‌ಆರ್‌ಇ ಮತ್ತು ಎನ್‌ಆರ್‌ಒ ಖಾತೆಗಳ ಸ್ಟೇಟ್‌ಮೆಂಟ್, ರದ್ದು ಮಾಡಿದ ಒಂದು ಚೆಕ್, ಡಿಮ್ಯಾಟ್ ಮತ್ತು ಮ್ಯೂಚುಯಲ್ ಫಂಡ್ ವಿವರ, ಬಿಳಿ ಹಾಳೆಯ ಮೇಲೆ ಹಾಕಿ ಸ್ಕ್ಯಾನ್ ಮಾಡಿಟ್ಟ ನನ್ನ ಸಹಿ. ನಮ್ಮಲ್ಲಿ ಬಹಳ ಜನ ಈ ಕೊನೆಯದನ್ನು ಇಟ್ಟುಕೊಂಡಿರುತ್ತಾರೆ, ಊರಿನ ಫಾರಂಗಳಿಗೆ ಅಂಟಿಸಲು ಅನುಕೂಲ ಅಂತ. ಪಾಸ್‌ಪೋರ್ಟ್ ಹೋದರೆ ಹೊಸದು ಮಾಡಿಸಬಹುದು. ಚೆಕ್ ನಿಲ್ಲಿಸಬಹುದು. ಸಹಿಯ ಎದುರು ಮೂರನೇ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ತೋಚದೆ ಖಾಲಿ ಬಿಟ್ಟೆ.

ಶುಕ್ರವಾರ ಎರಡೂವರೆಗೆ ಹೋದಾಗ ಡ್ರೈವ್ ಗಾಜಿನ ಕೌಂಟರ್ ಮೇಲೆ, ಸ್ಟೇಪ್ಲರ್ ಪಕ್ಕದಲ್ಲಿತ್ತು. "ನಿಮ್ಮದು ಇಲ್ಲೇ ಉಂಟು ಸಾರ್, ನಾನು ತೆಗೆದು ಇಟ್ಟಿದ್ದೆ" ಎಂದ ಹುಡುಗ. ಒಳ್ಳೆಯವನು, ನನಗೆ ಅವನ ಮೇಲೆ ಅನುಮಾನವಿಲ್ಲ. ಆದರೆ ಆ ಕಂಪ್ಯೂಟರಿಗೆ ದಿನಕ್ಕೆ ಇಂಥ ನೂರು ಡ್ರೈವ್ ಚುಚ್ಚುತ್ತಾರೆ. ಯಾರಾದರೂ ನೋಡಿದರೇ, ನಕಲು ಮಾಡಿಕೊಂಡರೇ ಎಂದು ಡ್ರೈವನ್ನು ಕೇಳಿದರೆ ಅದು ಹೇಳುವುದಿಲ್ಲ. ಹೇಳಲು ಅದಕ್ಕೆ ಗೊತ್ತಿರುವುದೂ ಇಲ್ಲ.

ಹಣಕಾಸಿನ ಬ್ಲಾಗ್‌ನಲ್ಲಿ ಪೆನ್ ಡ್ರೈವ್ ಪುರಾಣ ಯಾಕೆ ಎಂದು ಕೇಳಬಹುದು. ನಮ್ಮಂಥ ಅನಿವಾಸಿಗಳ ಆಸ್ತಿ ಎರಡು ದೇಶಗಳಲ್ಲಿ ಹರಡಿಕೊಂಡಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಈಗ ಕಬ್ಬಿಣದ ಬೀರುವಲ್ಲ, ಬೆರಳಿನ ಉಗುರಿನಷ್ಟು ದೊಡ್ಡ ಮೆಮೊರಿ ಚಿಪ್. ಯಾವ ಫಂಡ್‌ನಲ್ಲಿ ವೆಚ್ಚದ ಅನುಪಾತ ಎಷ್ಟು ಎಂದು ಎರಡನೇ ದಶಮಾಂಶದವರೆಗೆ ತಲೆಕೆಡಿಸಿಕೊಳ್ಳುವ ನಾವು ಈ ಚಿಪ್ ಯಾರ ಮುಂದೆ ಬಾಯಿ ಬಿಡುತ್ತದೆ ಎಂದು ಕೇಳಿಕೊಳ್ಳುವುದಿಲ್ಲ.

ಪೆನ್ ಡ್ರೈವ್ ಒಳಗಿರುವುದು ನ್ಯಾಂಡ್ ಫ್ಲ್ಯಾಶ್ ಎಂಬ ಚಿಪ್. ಇದರ ಮೂಲಪುರುಷ ತೋಶಿಬಾ ಕಂಪನಿಯ ಫುಜಿಯೊ ಮಸುವೊಕಾ, 1980ರ ದಶಕದಲ್ಲಿ. ಅದರೊಳಗೆ ಕೋಟ್ಯಂತರ ಪುಟ್ಟ ಕೋಶಗಳು, ಒಂದೊಂದರಲ್ಲೂ ಸಿಕ್ಕಿಹಾಕಿಕೊಂಡ ಒಂದಿಷ್ಟು ವಿದ್ಯುದಾವೇಶ. ಕರೆಂಟ್ ಹೋದರೂ ಆವೇಶ ಹೋಗುವುದಿಲ್ಲ, ಅದಕ್ಕೇ ನೆನಪು ಉಳಿಯುತ್ತದೆ. ಅದರ ಕೆಲಸ ಇಷ್ಟೇ: ಇಂಥ ವಿಳಾಸದಲ್ಲಿ ಏನಿದೆ ಎಂದು ಕೇಳಿದವರಿಗೆ ಅಲ್ಲಿರುವುದನ್ನು ಎತ್ತಿ ಕೊಡುವುದು. ಕೇಳಿದವರು ಯಾರು ಎಂಬ ಪ್ರಶ್ನೆ ಅದರ ಪಠ್ಯದಲ್ಲೇ ಇಲ್ಲ. ನೀವು ಫೈಲ್ ಡಿಲೀಟ್ ಮಾಡಿದಾಗಲೂ ಸಾಮಾನ್ಯವಾಗಿ ಅಳಿಸಿಹೋಗುವುದು ಸೂಚಿಯಲ್ಲಿನ ಹೆಸರು ಮಾತ್ರ. ಒಳಗಿನ ಮಾಹಿತಿ ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಹಾಗೇ ಕೂತಿರುತ್ತದೆ, ಅದನ್ನು ಮತ್ತೆ ಎತ್ತುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ.

ಕೇಳಿದವರಿಗೆಲ್ಲ ಹೇಳಿಬಿಡುವ ಈ ಗುಣಕ್ಕೆ ಎಷ್ಟು ಬೆಲೆ ತೆರಬೇಕಾಗಬಹುದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2012ರ ಡಿಸೆಂಬರ್ 22ರಂದು ಇದೇ ಯುಎಇಯ ರಾಸ್ ಅಲ್ ಖೈಮಾ ರಾಷ್ಟ್ರೀಯ ಬ್ಯಾಂಕ್, ನಾವು ರಾಕ್ ಬ್ಯಾಂಕ್ ಅನ್ನುತ್ತೇವಲ್ಲ ಅದು, ಹೊರತಂದಿದ್ದ ಪ್ರೀಪೇಯ್ಡ್ ಕಾರ್ಡ್‌ಗಳ ವಿವರ ಕದ್ದು ಸುಮಾರು 20 ದೇಶಗಳಲ್ಲಿ 4,500ಕ್ಕೂ ಹೆಚ್ಚು ಬಾರಿ ಎಟಿಎಂನಿಂದ ಹಣ ತೆಗೆದರು. ನಷ್ಟ 50 ಲಕ್ಷ ಡಾಲರ್. ಅದು ತಾಲೀಮು. ಎರಡು ತಿಂಗಳ ನಂತರ, 2013ರ ಫೆಬ್ರವರಿ 19 ಮತ್ತು 20ರಂದು ಪಕ್ಕದ ಒಮಾನಿನ ಬ್ಯಾಂಕ್ ಮಸ್ಕತ್ ಸರದಿ. ಕೇವಲ 12 ಖಾತೆ ಸಂಖ್ಯೆಗಳು, 24 ದೇಶಗಳು, ಸುಮಾರು 36,000 ವಹಿವಾಟು, 4 ಕೋಟಿ ಡಾಲರ್. ಎಲ್ಲವೂ ಸುಮಾರು ಹತ್ತು ಗಂಟೆಯೊಳಗೆ! ನ್ಯೂಯಾರ್ಕ್ ನಗರವೊಂದರಲ್ಲೇ ಆ ರಾತ್ರಿ ಹೆಚ್ಚುಕಡಿಮೆ 3,000 ಬಾರಿ ಎಟಿಎಂ ಗುಂಡಿ ಒತ್ತಿ 24 ಲಕ್ಷ ಡಾಲರ್ ಎತ್ತಿದರು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರಿ ವಕೀಲರು ಎಂಟು ಜನರ ಮೇಲೆ ಹಾಕಿದ ದೋಷಾರೋಪಣೆ ಬಯಲಾದಾಗ ಇದು ಜಗಜ್ಜಾಹೀರಾಯಿತು.

ನಮಗೆ ಕುತೂಹಲದ ಸಂಗತಿ ಇನ್ನೊಂದಿದೆ. ಕಳ್ಳರು ಮೊದಲು ನುಗ್ಗಿದ್ದು ಈ ಬ್ಯಾಂಕುಗಳ ತಿಜೋರಿಗಲ್ಲ, ಅವುಗಳ ಕಾರ್ಡ್ ವಹಿವಾಟು ನಡೆಸಿಕೊಡುತ್ತಿದ್ದ ಹೊರಗಿನ ಸಂಸ್ಥೆಗಳ ಕಂಪ್ಯೂಟರಿಗೆ. ಎರಡೂ ಭಾರತದ ನಂಟಿನವು. ಒಂದು ಪುಣೆಯದು, ಇನ್ನೊಂದು ನಮ್ಮ ಬೆಂಗಳೂರಿನಿಂದ ಕೆಲಸ ಮಾಡುತ್ತಿತ್ತು ಎಂದು ಆಗ ಪತ್ರಿಕೆಗಳು ಬರೆದವು. ಒಳಹೊಕ್ಕವರು ಕಾರ್ಡ್‌ಗಳ ಮೇಲಿದ್ದ ಮಿತಿ ಕಿತ್ತುಹಾಕಿದರು, ಖಾತೆ ಸಂಖ್ಯೆ ಮತ್ತು ಪಿನ್‌ಗಳನ್ನು ಜಗತ್ತಿನ ಬೇರೆ ಬೇರೆ ಊರಿನ ತಂಡಗಳಿಗೆ ಕಳಿಸಿದರು. ಆ ತಂಡಗಳು ಸಿಕ್ಕಿದ ಪ್ಲಾಸ್ಟಿಕ್ ಕಾರ್ಡ್‌ಗಳ ಹಿಂದಿನ ಕಪ್ಪು ಪಟ್ಟಿಯ ಮೇಲೆ ಆ ಸಂಖ್ಯೆ ಬರೆದುಕೊಂಡವು. ಅಷ್ಟಾದರೆ ಮುಗಿಯಿತು, ಎಟಿಎಂಗೆ ಅದೇ ಅಸಲಿ ಕಾರ್ಡ್.

ಮ್ಯಾಗ್ನೆಟಿಕ್ ಪಟ್ಟಿಯೂ ನನ್ನ ಪೆನ್ ಡ್ರೈವಿನ ಜಾತಿಯದೇ. ಉಜ್ಜಿದವರಿಗೆಲ್ಲ ಒಂದೇ ಉತ್ತರ, ಪ್ರತಿ ಸಲವೂ ಅದೇ ಉತ್ತರ. ಒಮ್ಮೆ ಕೇಳಿಸಿಕೊಂಡವನು ಆಮೇಲೆ ತಾನೇ ಕಾರ್ಡ್ ಆಗಿಬಿಡಬಹುದು.

ಇದಕ್ಕೆ ಪರಿಹಾರವಾಗಿ ಬಂದದ್ದು ಕಾರ್ಡಿನ ಮುಂಭಾಗದ ಚಿನ್ನದ ಬಣ್ಣದ ಚೌಕ. ನಮ್ಮ ರಿಸರ್ವ್ ಬ್ಯಾಂಕ್ ಹಳೆಯ ಪಟ್ಟಿ ಕಾರ್ಡ್‌ಗಳನ್ನೆಲ್ಲ ಚಿಪ್ ಕಾರ್ಡ್‌ಗೆ ಬದಲಾಯಿಸಲು ಕೊಟ್ಟಿದ್ದ ಗಡುವು 2018ರ ಡಿಸೆಂಬರ್ 31. ಆಗ ಊರಿನ ಬ್ಯಾಂಕಿನಿಂದ ಎನ್‌ಆರ್‌ಒ ಡೆಬಿಟ್ ಕಾರ್ಡ್ ನಿಂತುಹೋಗಿ ಪರದಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಚಿಪ್ ಏನು ಮಾಡುತ್ತದೆ? ಅದೂ ಒಂದು ಮೆಮೊರಿಯೇ, ಆದರೆ ಜೊತೆಗೆ ಸ್ವಲ್ಪ ಬುದ್ಧಿ ಇದೆ. ಒಳಗೊಂದು ರಹಸ್ಯ ಕೀಲಿ ಇದೆ, ಅದನ್ನು ಚಿಪ್ ಯಾವತ್ತೂ ಯಾರಿಗೂ ಹೊರಗೆ ಕೊಡುವುದಿಲ್ಲ. ಕೀಲಿ ನನ್ನ ಹತ್ತಿರ ಇದೆ ಎಂಬುದನ್ನು ಮಾತ್ರ ಸಾಬೀತು ಮಾಡಿ ತೋರಿಸುತ್ತದೆ.

ಹೇಗೆ? ಉತ್ತರ ಕರ್ನಾಟಕದವರಿಗೆ ಹರದೇಶಿ ನಾಗೇಶಿ ಗೀಗೀ ಪದದ ಸವಾಲ್ ಜವಾಬ್ ಗೊತ್ತು. ಒಂದು ಮೇಳ ಸವಾಲು ಎಸೆಯುತ್ತದೆ, ಇನ್ನೊಂದು ಅಲ್ಲೇ ಜವಾಬು ಕಟ್ಟಿ ಹಾಡಬೇಕು. ನಿನ್ನೆ ಪಕ್ಕದೂರಲ್ಲಿ ಹಾಡಿದ ಜವಾಬನ್ನೇ ಇವತ್ತು ತಂದರೆ ನಡೆಯುವುದಿಲ್ಲ, ಸವಾಲೇ ಬೇರೆ. ಮಶೀನು ಚಿಪ್‌ಗೆ ಯಾವುದೋ ಒಂದು ಸಂಖ್ಯೆ ಎಸೆಯುತ್ತದೆ, ಪ್ರತಿ ಸಲ ಹೊಸದು. ಚಿಪ್ ತನ್ನ ಕೀಲಿಯಿಂದ ಆ ಸಂಖ್ಯೆಯನ್ನು ಗೂಢಲಿಪಿಗೆ ತಿರುಗಿಸಿ ವಾಪಸ್ ಕೊಡುತ್ತದೆ. ಕೀಲಿ ಗೊತ್ತಿರುವವರು ಉತ್ತರ ಸರಿಯೋ ತಪ್ಪೋ ನೋಡುತ್ತಾರೆ. ನಡುವೆ ನಿಂತು ಕದ್ದು ಕೇಳಿದವನಿಗೆ ಸಿಕ್ಕಿದ್ದು ಇವತ್ತಿನ ಜವಾಬು ಮಾತ್ರ, ನಾಳೆಗೆ ಅದು ಕೆಲಸಕ್ಕೆ ಬಾರದು.

ಇಷ್ಟಾದರೆ ಅರ್ಧ ಕೆಲಸ. ಇಲ್ಲಿಯವರೆಗೆ ಚಿಪ್ ಒಂದೇ ತಾನು ಯಾರೆಂದು ರುಜುವಾತು ಮಾಡಿದ್ದು. ಎದುರಿಗಿರುವ ಮಶೀನು ಅಸಲಿಯೋ ನಕಲಿಯೋ? ಅದಕ್ಕೆ ಚಿಪ್ ಕೂಡ ತನ್ನದೊಂದು ಸವಾಲು ಎಸೆಯುತ್ತದೆ. ಮಶೀನು ಸರಿಯಾದ ಜವಾಬು ಕೊಟ್ಟರೆ ಮಾತ್ರ ಮುಂದಿನ ಮಾತು, ಇಲ್ಲದಿದ್ದರೆ ಮೌನ. ಇದಕ್ಕೆ ಪರಸ್ಪರ ದೃಢೀಕರಣ ಎನ್ನಬಹುದು. ಬ್ಯಾಂಕ್ ಕಾರ್ಡಿನಲ್ಲಿ ಇದರದೇ ಒಂದು ರೂಪವಿದೆ: ಚಿಪ್ ಆ ವಹಿವಾಟಿಗಷ್ಟೇ ಸಲ್ಲುವ ಒಂದು ಗೂಢ ಮುದ್ರೆ ತಯಾರಿಸಿ ಬ್ಯಾಂಕಿಗೆ ಕಳಿಸುತ್ತದೆ, ಬ್ಯಾಂಕ್ ತನ್ನದೇ ಮುದ್ರೆ ಸೇರಿಸಿ ಉತ್ತರ ಕೊಡಬಹುದು, ಚಿಪ್ ಅದನ್ನು ಪರೀಕ್ಷಿಸುತ್ತದೆ. 2013ರಲ್ಲಿ ಆ ಎಟಿಎಂಗಳೆಲ್ಲ ಚಿಪ್ ಒಂದನ್ನೇ ನಂಬುತ್ತಿದ್ದರೂ ಬೆಂಗಳೂರಿನ ಕಂಪ್ಯೂಟರಿಗೆ ನುಗ್ಗುವುದು ತಪ್ಪುತ್ತಿರಲಿಲ್ಲ, ಮಿತಿ ಕೀಳುವುದೂ ತಪ್ಪುತ್ತಿರಲಿಲ್ಲ. ಆದರೆ ನ್ಯೂಯಾರ್ಕಿನ ರಸ್ತೆಯಲ್ಲಿ ಸಿಕ್ಕಸಿಕ್ಕ ಪ್ಲಾಸ್ಟಿಕ್ಕಿಗೆ ಪ್ರಾಣ ಬರುತ್ತಿರಲಿಲ್ಲ. ಕಪ್ಪು ಪಟ್ಟಿ ಇನ್ನೂ ಪೂರ್ತಿ ಸತ್ತಿಲ್ಲ, ಗಮನಿಸಿ. ತನ್ನ ಕಾರ್ಡ್‌ಗಳಿಂದ ಅದನ್ನು ಸಂಪೂರ್ಣ ತೆಗೆಯಲು ಮಾಸ್ಟರ್‌ಕಾರ್ಡ್ ಇಟ್ಟುಕೊಂಡಿರುವ ಗಡುವು 2033.

ಹಾಗಾದರೆ ಚಿಪ್ ಇದ್ದರೆ ಸಾಕೇ? ಪರಸ್ಪರ ದೃಢೀಕರಣ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಸಾಕೇ? ಇಲ್ಲೊಂದು ಕಥೆ ಇದೆ, ಹೂಡಿಕೆದಾರರು ಓದಲೇಬೇಕಾದದ್ದು.

ಬಸ್ಸು, ಮೆಟ್ರೋಗಳಿಗೆ ತಾಗಿಸಿ ಓಡಾಡುವ ಕಾರ್ಡ್‌ಗಳಲ್ಲಿ ಒಂದು ಕಾಲಕ್ಕೆ ಮೈಫೇರ್ ಕ್ಲಾಸಿಕ್ ಎಂಬ ಚಿಪ್‌ನದೇ ರಾಜ್ಯಭಾರ. ಫಿಲಿಪ್ಸ್ ಕಂಪನಿಯಿಂದ ಬೇರೆಯಾದ ಎನ್‌ಎಕ್ಸ್‌ಪಿ ತಯಾರಿಸುತ್ತಿತ್ತು, ನೂರು ಕೋಟಿಗೂ ಹೆಚ್ಚು ಮಾರಾಟವಾಗಿತ್ತು. ಲಂಡನ್ನಿನ ಆಯ್ಸ್ಟರ್ ಕಾರ್ಡಿನಲ್ಲೂ ಇದೇ ಇತ್ತು. ಅದರಲ್ಲಿ ಪರಸ್ಪರ ಸವಾಲ್ ಜವಾಬ್ ಇತ್ತು, ಎನ್‌ಕ್ರಿಪ್ಷನ್ ಇತ್ತು, ಆದರೆ ಯಾವ ವಿಧಾನದಿಂದ ಎಂಬುದನ್ನು ಕಂಪನಿ ಗುಟ್ಟಾಗಿಟ್ಟಿತ್ತು. 2007ರ ಡಿಸೆಂಬರ್‌ನಲ್ಲಿ ಕಾರ್‌ಸ್ಟೆನ್ ನೋಲ್ ಎಂಬ ಜರ್ಮನ್ ಸಂಶೋಧಕ ಮತ್ತು ಜೊತೆಗಾರರು ಚಿಪ್ಪನ್ನು ಪದರ ಪದರವಾಗಿ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆದು ಆ ಗುಟ್ಟನ್ನು ಓದಿದರು. ಮರುವರ್ಷ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ತಂಡ ಅದನ್ನು ಪೂರ್ತಿ ಮುರಿದು ತೋರಿಸಿತು. ಕೀಲಿಯ ಉದ್ದ ಬರೀ 48 ಬಿಟ್. ಅದಕ್ಕಿಂತ ನಾಚಿಕೆಯ ಸಂಗತಿ, ಪ್ರತಿ ಸಲ ಹೊಸದಾಗಿರಬೇಕಿದ್ದ ಸವಾಲಿನ ಸಂಖ್ಯೆ 16 ಬಿಟ್‌ನದು, ಊಹಿಸಬಹುದಾದದ್ದು. ಮೇಳದವನು ಇಂದು ಯಾವ ಸವಾಲು ಹಾಡುತ್ತಾನೆಂದು ಮೊದಲೇ ಗೊತ್ತಿದ್ದರೆ ಜವಾಬು ಬಾಯಿಪಾಠ ಮಾಡಿಕೊಂಡು ಹೋಗಬಹುದಲ್ಲ?

ಸರಳ ಉದಾಹರಣೆ ಕೊಡುತ್ತೇನೆ. ನನ್ನ ನಿಮ್ಮ ನಡುವಿನ ಗುಟ್ಟು "ಮೂರರಿಂದ ಗುಣಿಸು, ಎಂಟು ಕೂಡಿಸು" ಎಂದಿರಲಿ. ನೀವು 47 ಎಂದರೆ ನಾನು 149 ಎನ್ನುತ್ತೇನೆ. 12 ಎಂದರೆ 44. ಪಕ್ಕದಲ್ಲಿ ಕೂತು ಈ ಎರಡು ಜೋಡಿ ಕೇಳಿಸಿಕೊಂಡ ಹೈಸ್ಕೂಲು ಹುಡುಗ ಐದು ನಿಮಿಷದಲ್ಲಿ ಗುಟ್ಟು ಬಿಡಿಸುತ್ತಾನೆ. ಸವಾಲ್ ಜವಾಬಿನ ಪದ್ಧತಿಯಲ್ಲಿ ದೋಷವಿಲ್ಲ, ಲೆಕ್ಕ ಹಗುರವಾಯಿತು ಅಷ್ಟೇ. ಇವತ್ತು ಬಳಸುವ ಎಇಎಸ್ ಎಂಬ ವಿಧಾನ ಎಲ್ಲರಿಗೂ ಬಹಿರಂಗ, ಯಾರು ಬೇಕಾದರೂ ಓದಬಹುದು, ಜಗತ್ತಿನ ಗಣಿತಜ್ಞರೆಲ್ಲ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗುದ್ದಿ ನೋಡಿದ್ದಾರೆ. ಅದರಲ್ಲಿ ಗುಟ್ಟು ಕೀಲಿ ಮಾತ್ರ.

ಎನ್‌ಎಕ್ಸ್‌ಪಿ ಏನು ಮಾಡಿತು ಗೊತ್ತೆ? ಪ್ರಬಂಧ ಪ್ರಕಟವಾಗದಂತೆ ತಡೆಯಲು ಕೋರ್ಟಿಗೆ ಹೋಯಿತು. 2008ರ ಜುಲೈ 18ರಂದು ಆರ್ನೆಮ್ ಊರಿನ ನ್ಯಾಯಾಲಯ ತಡೆ ಕೊಡಲು ನಿರಾಕರಿಸಿತು. ಕಂಪನಿಗೆ ನಷ್ಟವಾದರೆ ಅದು ಬರಹದಿಂದಲ್ಲ, ಕೊರತೆಯಿರುವ ಚಿಪ್ ಮಾಡಿ ಮಾರಿದ್ದರಿಂದ ಎಂಬುದು ತೀರ್ಪಿನ ಸಾರ. ನಾನು ಯಾವುದೇ ಕಂಪನಿಯ ವಾರ್ಷಿಕ ವರದಿ ಓದುವಾಗ "ನಮ್ಮ ಸ್ವಂತ ಗೋಪ್ಯ ತಂತ್ರಜ್ಞಾನ" ಎಂಬ ಸಾಲು ಸಿಕ್ಕರೆ ಈ ತೀರ್ಪು ನೆನಪಾಗುತ್ತದೆ. ಎನ್‌ಎಕ್ಸ್‌ಪಿ ಆಮೇಲೆ ಪಾಠ ಕಲಿತು ಎಇಎಸ್ ಆಧಾರಿತ ಚಿಪ್‌ಗಳನ್ನು ತಂದಿತು, ಬೆಂಗಳೂರಿನಲ್ಲಿ ಅದಕ್ಕೆ ದೊಡ್ಡ ವಿನ್ಯಾಸ ಕೇಂದ್ರವೂ ಇದೆ. ಹಾಗಾದರೆ ಭದ್ರತಾ ಚಿಪ್ ಷೇರು ಕೊಳ್ಳಬಹುದಾ ಎಂದು ನಾಲ್ಕಾರು ಮೆಸೇಜ್ ಬರುವುದು ಖಂಡಿತ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಎನ್‌ಎಕ್ಸ್‌ಪಿ, ಇನ್‌ಫಿನಿಯನ್, ಎಸ್‌ಟಿ ಮೈಕ್ರೋ ಮೂರೂ ಕಾರಿನ ಉದ್ಯಮದ ಏರಿಳಿತಕ್ಕೆ ತೂಗುವ ಕಂಪನಿಗಳು, ಭದ್ರತಾ ಚಿಪ್ ಅವುಗಳ ಒಂದು ಭಾಗ ಮಾತ್ರ. ಕಳ್ಳತನ ಹೆಚ್ಚಾಗುತ್ತಿದೆ, ಆದ್ದರಿಂದ ಬೀಗದ ಕಂಪನಿ ಷೇರು ಏರುತ್ತದೆ ಎಂಬ ತರ್ಕಕ್ಕೆ ನಾನು ದುಡ್ಡು ಹಾಕುವುದಿಲ್ಲ.

ಪೆನ್ ಡ್ರೈವಿಗೆ ಮರಳೋಣ. ಆ ಶುಕ್ರವಾರ ಸಂಜೆಯೇ ಎನ್‌ಕ್ರಿಪ್ಷನ್ ಇರುವ ಡ್ರೈವ್ ಹುಡುಕಲು ಕೂತೆ. ಹುಡುಕುವಾಗ ಹಳೆಯದೊಂದು ಸುದ್ದಿ ಸಿಕ್ಕಿತು. 2010ರ ಆರಂಭದಲ್ಲಿ ಎಸ್‌ವೈಎಸ್‌ಎಸ್ ಎಂಬ ಜರ್ಮನ್ ಸಂಸ್ಥೆ ಕಿಂಗ್‌ಸ್ಟನ್, ಸ್ಯಾನ್‌ಡಿಸ್ಕ್, ವರ್ಬಾಟಿಮ್ ಕಂಪನಿಗಳ ಕೆಲವು ಸುರಕ್ಷಿತ ಡ್ರೈವ್‌ಗಳನ್ನು ಸಲೀಸಾಗಿ ತೆರೆದು ತೋರಿಸಿತು. ಎಲ್ಲದರಲ್ಲೂ 256 ಬಿಟ್ ಎಇಎಸ್, ಅಮೆರಿಕ ಸರ್ಕಾರದ ಮಾನ್ಯತೆಯ ಪ್ರಮಾಣಪತ್ರ ಬೇರೆ. ಎನ್‌ಕ್ರಿಪ್ಷನ್ ಮುರಿಯಲಿಲ್ಲ, ಮುರಿಯುವ ಅಗತ್ಯವೇ ಬೀಳಲಿಲ್ಲ. ಪಾಸ್‌ವರ್ಡ್ ಸರಿಯೇ ಎಂದು ನೋಡುತ್ತಿದ್ದದ್ದು ಡ್ರೈವ್ ಅಲ್ಲ, ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶ. ಅದು ನೋಡಿ, ಸರಿ ಇದೆ ಬಾಗಿಲು ತೆಗೆ ಎಂದು ಡ್ರೈವಿಗೆ ಒಂದು ಸಂದೇಶ ಕಳಿಸುತ್ತಿತ್ತು. ಆ ಸಂದೇಶ ಯಾವ ಪಾಸ್‌ವರ್ಡ್ ಇದ್ದರೂ ಒಂದೇ! ಅದನ್ನು ಒಮ್ಮೆ ಹಿಡಿದುಕೊಂಡರೆ ಆ ಮಾದರಿಯ ಎಲ್ಲಾ ಡ್ರೈವ್ ತೆರೆಯಬಹುದಿತ್ತು. ಕಿಂಗ್‌ಸ್ಟನ್ ಆ ಡ್ರೈವ್‌ಗಳನ್ನು ವಾಪಸ್ ಕರೆಸಿಕೊಂಡಿತು, ಉಳಿದಿಬ್ಬರು ತಂತ್ರಾಂಶ ಬದಲಿಸಿದರು.

ನನ್ನ ಅಜ್ಜಿ ಹೇಳುತ್ತಿದ್ದರು, ಬಾಗಿಲಿಗೆ ಬೀಗ ಹಾಕಿ ಕೀಲಿ ಕೈಯನ್ನು ಚಿಲಕಕ್ಕೇ ನೇತುಹಾಕಿದ ಹಾಗೆ ಅಂತ. ಅವರು ಹೇಳಿದ್ದು ನನ್ನ ದೊಡ್ಡಪ್ಪನ ವ್ಯವಹಾರದ ಬಗ್ಗೆ, ಆ ಮಾತು ಬಿಡಿ.

ಅಪಾಯ ಇನ್ನೊಂದು ಕಡೆಯಿಂದಲೂ ಇದೆ. ಡ್ರೈವ್‌ಗೆ ಕಂಪ್ಯೂಟರ್ ಯಾರೆಂದು ಗೊತ್ತಿಲ್ಲ, ಕಂಪ್ಯೂಟರಿಗೂ ಡ್ರೈವ್ ಯಾರೆಂದು ಗೊತ್ತಿಲ್ಲ. 2014ರ ಆಗಸ್ಟ್‌ನಲ್ಲಿ ಅದೇ ಕಾರ್‌ಸ್ಟೆನ್ ನೋಲ್, ಜೇಕಬ್ ಲೆಲ್ ಎಂಬ ಸಹೋದ್ಯೋಗಿಯ ಜೊತೆ ಬ್ಯಾಡ್‌ಯುಎಸ್‌ಬಿ ಎಂಬ ದಾಳಿ ತೋರಿಸಿದ. ಡ್ರೈವಿನ ನಿಯಂತ್ರಕ ಚಿಪ್‌ನ ತಂತ್ರಾಂಶ ತಿದ್ದಿದರೆ ಅದು ಕಂಪ್ಯೂಟರಿಗೆ "ನಾನು ಪೆನ್ ಡ್ರೈವ್ ಅಲ್ಲ, ಕೀಬೋರ್ಡ್" ಎಂದು ಹೇಳಿಕೊಳ್ಳುತ್ತದೆ. ಕಂಪ್ಯೂಟರ್ ನಂಬುತ್ತದೆ. ಆಮೇಲೆ ಅದೇ ಟೈಪ್ ಮಾಡತೊಡಗುತ್ತದೆ. ಸತ್ವಾದ ಕೌಂಟರ್‌ನಿಂದ ತಂದ ಡ್ರೈವನ್ನು ನಾನು ಮನೆಯ ಲ್ಯಾಪ್‌ಟಾಪಿಗೆ, ಅಂದರೆ ನನ್ನ ಟ್ರೇಡಿಂಗ್ ಖಾತೆ ತೆರೆಯುವ ಲ್ಯಾಪ್‌ಟಾಪಿಗೆ ಮತ್ತೆ ಚುಚ್ಚಲಿಲ್ಲ. ಸುತ್ತಿಗೆ ತೆಗೆದುಕೊಂಡು ಬಾಲ್ಕನಿಗೆ ಹೋದೆ. ಮಗಳಿಗೆ ಬಹಳ ಖುಷಿಯಾಯಿತು.

ಈಗ ನಾನು ಮಾಡುವುದು ಇಷ್ಟು. ದಾಖಲೆಗಳೆಲ್ಲ ಒಂದು ಡ್ರೈವಿನಲ್ಲಿವೆ, ಅದರ ಮೈಮೇಲೇ ಅಂಕಿಗಳ ಗುಂಡಿಗಳಿವೆ. ಪಿನ್ ಒತ್ತಿದ್ದು ಸರಿಯೇ ಎಂದು ನೋಡುವುದು ಡ್ರೈವೇ, ಕಂಪ್ಯೂಟರಿಗೆ ಆ ವಿಷಯದಲ್ಲಿ ಮಾತಿಲ್ಲ. ನಾನೂರು ದಿರ್ಹಮ್ ಚಿಲ್ಲರೆ ಕೊಟ್ಟೆ. ಖರ್ಚು ಹೆಚ್ಚು ಅನ್ನಿಸುವವರು ಸಾಧಾರಣ ಡ್ರೈವ್ ಮೇಲೆ ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಪುಕ್ಕಟೆ ಸಿಗುವ ವೆರಾಕ್ರಿಪ್ಟ್ ಹಾಕಿಕೊಳ್ಳಿ. ಉದ್ದನೆಯ ಪಾಸ್‌ವರ್ಡ್ ಇದ್ದರೆ ಕಳೆದುಹೋದರೂ ಸಿಕ್ಕವನಿಗೆ ಸಿಗುವುದು ಬರೀ ಗೀಚು. ಇದರಲ್ಲಿ ಯಾವುದನ್ನೂ ನಾನು ಟೈಪಿಂಗ್ ಸೆಂಟರಿಗೆ ಒಯ್ಯುವುದಿಲ್ಲ. ಎಷ್ಟೇ ಗಟ್ಟಿ ಬೀಗವಿದ್ದರೂ ಅಲ್ಲಿ ಹೋಗಿ ತೆರೆದ ಮೇಲೆ ಎಲ್ಲಾ ತೆರೆದ ಹಾಗೆಯೇ. ಅಲ್ಲಿಗೆ ಬೇರೆ ಖಾಲಿ ಡ್ರೈವ್, ಅದರಲ್ಲಿ ಅವತ್ತಿನ ಕೆಲಸಕ್ಕೆ ಬೇಕಾದ ಒಂದೆರಡು ಹಾಳೆ ಮಾತ್ರ. ಸ್ಕ್ಯಾನ್ ಮಾಡಿದ ಸಹಿಯನ್ನು ಎಲ್ಲ ಕಡೆಯಿಂದ ತೆಗೆದುಹಾಕಿದೆ.

ಹಳೆಯ ಫೋನ್ ಮಾರುವವರಿಗೆ ಒಂದು ಮಾತು. ಐಫೋನ್ ಮತ್ತು ಈಚಿನ ಆಂಡ್ರಾಯ್ಡ್ ಫೋನ್‌ಗಳ ಮೆಮೊರಿ ಚಿಪ್‌ನಲ್ಲಿರುವುದು ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಕೊಟ್ಟಾಗ ಫೋನು ಕೀಲಿಯನ್ನು ನಾಶ ಮಾಡುತ್ತದೆ, ಉಳಿದ ಮಾಹಿತಿ ಅರ್ಥವಿಲ್ಲದ ಕಸವಾಗುತ್ತದೆ. ಆದ್ದರಿಂದ ರೀಸೆಟ್ ಕೊಟ್ಟೇ ಮಾರಿ. ಆದರೆ ಪಕ್ಕದ ಸಂದಿಯಲ್ಲಿ ಹಾಕಿರುವ ಮೆಮೊರಿ ಕಾರ್ಡ್ ಸಾಮಾನ್ಯವಾಗಿ ಆ ರಕ್ಷಣೆಯ ಹೊರಗೆ. ಅದನ್ನು ಕಿತ್ತುಕೊಳ್ಳುವುದನ್ನು ಮರೆಯಬೇಡಿ.

ಇನ್ನು ನಮ್ಮ ದಿನನಿತ್ಯದ ಬ್ಯಾಂಕ್ ವ್ಯವಹಾರ. ಈ ಸಂಬಂಧದಲ್ಲಿ ಸವಾಲು ಯಾವಾಗಲೂ ಒಂದೇ ಕಡೆಯಿಂದ. ಫೋನ್ ಮಾಡಿದವನು "ಬ್ಯಾಂಕಿನಿಂದ ಮಾತಾಡ್ತಿದ್ದೀನಿ ಸರ್, ನಿಮ್ಮ ಹುಟ್ಟಿದ ದಿನಾಂಕ ಹೇಳಿ, ಐಡಿ ನಂಬರ್ ಹೇಳಿ" ಎನ್ನುತ್ತಾನೆ. ನಾವು ವಿಧೇಯರಾಗಿ ಸಾಬೀತು ಮಾಡಿಕೊಳ್ಳುತ್ತೇವೆ. ನೀನು ಯಾರು, ಮೊದಲು ನೀನು ಸಾಬೀತು ಮಾಡು ಎಂದು ಕೇಳುವವರು ಎಷ್ಟು ಜನ? ನಾನು ಕೇಳಲು ಶುರುಮಾಡಿದ್ದೇನೆ. ಒಬ್ಬ ಕೋಪ ಮಾಡಿಕೊಂಡು "ಸರ್, ನಿಮ್ಮ ಕಾರ್ಡ್ ಬ್ಲಾಕ್ ಆಗುತ್ತೆ" ಎಂದ. ಆಗಲಿ ಎಂದು ಇಟ್ಟು, ಕಾರ್ಡಿನ ಹಿಂದಿರುವ ನಂಬರಿಗೆ ನಾನೇ ಫೋನ್ ಮಾಡಿದೆ. ಅಲ್ಲಿ ಯಾರಿಗೂ ನನ್ನ ನೆನಪೇ ಇರಲಿಲ್ಲ.

ಇತ್ತೀಚೆಗೆ ಸರ್ಕಾರಗಳೂ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿವೆ. ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಬ್ಯಾಂಕುಗಳು ಗ್ರಾಹಕರಿಗೆ ವಹಿವಾಟಿನ ಬಗ್ಗೆ ಮಾಡುವ ಕರೆಗಳು 1600 ಎಂದು ಶುರುವಾಗುವ ನಂಬರುಗಳಿಂದಲೇ ಬರಬೇಕು. ಭಾರತದ ಬ್ಯಾಂಕುಗಳ ಜಾಲತಾಣದ ಹೆಸರು ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗಬೇಕು ಎಂಬ ನಿಯಮಕ್ಕೆ ಅದೇ ವರ್ಷ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಎನ್‌ಆರ್‌ಇ ಖಾತೆಗೆ ಲಾಗಿನ್ ಆಗುವಾಗ ವಿಳಾಸದ ಬಾಲ ನೋಡುವ ಅಭ್ಯಾಸ ಮಾಡಿಕೊಳ್ಳಿ. ಯುಎಇಯಲ್ಲಿ 2025ರ ಜುಲೈನಿಂದ ಬ್ಯಾಂಕುಗಳು ಎಸ್‌ಎಂಎಸ್ ಒಟಿಪಿ ಕೈಬಿಟ್ಟು ಆ್ಯಪ್ ಮೂಲಕ ಒಪ್ಪಿಗೆ ಕೇಳುವ ಕಡೆಗೆ ಹೊರಳಿದವು. ಹಿರಿಯರು ಗೊಣಗಿದರು, ನಮ್ಮ ಮನೆಯಲ್ಲೂ ಗೊಣಗಾಟವಾಯಿತು. ಆದರೆ ಒಟಿಪಿಯೂ ಕಪ್ಪು ಪಟ್ಟಿಯ ಹಾಗೆಯೇ, ಬಾಯಿ ಬಿಟ್ಟು ಯಾರಿಗೆ ಬೇಕಾದರೂ ಓದಿ ಹೇಳಬಹುದಾದ ಗುಟ್ಟು.

ಅತಿಯಾದ ಬೀಗಕ್ಕೂ ಒಂದು ಬೆಲೆಯಿದೆ. ಸ್ಟೆಫಾನ್ ಥಾಮಸ್ ಎಂಬ ಪ್ರೋಗ್ರಾಮರ್ ಕಥೆ 2021ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದಿತ್ತು. ಅವನ 7,002 ಬಿಟ್‌ಕಾಯಿನ್‌ಗಳ ಕೀಲಿ ಐರನ್‌ಕೀ ಎಂಬ ಗಟ್ಟಿ ಡ್ರೈವಿನಲ್ಲಿದೆ, ಪಾಸ್‌ವರ್ಡ್ ಬರೆದಿಟ್ಟ ಚೀಟಿ ಕಳೆದುಹೋಗಿದೆ. ಹತ್ತು ಸಲ ತಪ್ಪಾದರೆ ಡ್ರೈವ್ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಆಗಲೇ ಎಂಟು ಸಲ ತಪ್ಪಾಗಿತ್ತು. ಆ ದಿನಗಳ ದರದಲ್ಲಿ ಸುಮಾರು 22 ಕೋಟಿ ಡಾಲರ್.

ನನ್ನ ಬಳಿ ಬಿಟ್‌ಕಾಯಿನ್ ಇಲ್ಲ, ಆದರೆ ಶೇಖ್ ಜಾಯೆದ್ ರಸ್ತೆಯಲ್ಲಿ ದಿನಾ ಕಾರು ಓಡಿಸುತ್ತೇನೆ. ನನಗೇನಾದರೂ ಆದರೆ ಹೆಂಡತಿಗೆ ಈ ಡ್ರೈವ್ ತೆರೆಯಲು ಬರಬೇಕು. ಪಿನ್ ಬರೆದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ದೇವರ ಮನೆಯ ಡ್ರಾಯರ್‌ನಲ್ಲಿ ಇಟ್ಟೆ. ಇನ್ನೊಂದು ಪ್ರತಿ ಶಿವಮೊಗ್ಗದಲ್ಲಿ ತಮ್ಮನ ಹತ್ತಿರ. ಡ್ರೈವ್ ಅವನ ಹತ್ತಿರ ಇಲ್ಲ, ಚೀಟಿ ಮಾತ್ರ. ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಅವಳಿಗೆ ಡ್ರೈವ್ ಕೊಟ್ಟು, ನಾನು ಇಲ್ಲ ಅಂದುಕೋ, ತೆಗಿ ನೋಡೋಣ ಎಂದೆ. ಬೆಳಬೆಳಗ್ಗೆ ಎಂಥ ಮಾತು ಎಂದು ಬೈದಳು. ಆಮೇಲೆ ಲಕೋಟೆ ಹರಿದು ಗುಂಡಿ ಒತ್ತತೊಡಗಿದಳು.

ಕೆಂಪು ದೀಪ. ಮತ್ತೆ ಕೆಂಪು. ಮೂರನೆಯದೂ ಕೆಂಪು. ನನ್ನ ಡ್ರೈವಿಗೂ ಹತ್ತೇ ಅವಕಾಶ.

"ರೀ, ಇದು ಒಂದೋ ಏಳೋ?"

ಚೀಟಿ ತೆಗೆದುಕೊಂಡು ನೋಡಿದೆ. ನನ್ನ ಕೈಬರಹದಲ್ಲಿ ನನಗೂ ಗೊತ್ತಾಗಲಿಲ್ಲ. ನೆನಪಿನಿಂದ ಹೇಳಿದೆ, ಏಳು. ಹಸಿರು ದೀಪ ಬಂತು.

ಅವಳು ಪೆನ್ನು ಕೇಳಿದಳು. ಹೊಸ ಹಾಳೆಯ ಮೇಲೆ ಒಂದೊಂದೇ ಅಂಕಿಯನ್ನು ಕನ್ನಡ ಅಕ್ಷರದಲ್ಲಿ ಬರೆದಳು: ಏಳು, ಎರಡು, ಸೊನ್ನೆ ಎಂದು ಪೂರ್ತಿ ಪದಗಳಲ್ಲಿ. (ಇವು ನಿಜವಾದ ಅಂಕಿಗಳಲ್ಲ, ಪ್ರಯತ್ನಿಸಬೇಡಿ.) ತಮ್ಮನಿಗೆ ಕಳಿಸಿದ್ದ ಪ್ರತಿಯೂ ನನ್ನ ಕೈಬರಹದ್ದೇ. ಮುಂದಿನ ವಾರ ಊರಿಗೆ ಹೋಗುವ ಗೆಳೆಯನೊಬ್ಬನ ಕೈಯಲ್ಲಿ ಹೊಸ ಲಕೋಟೆ ಕಳಿಸುತ್ತಿದ್ದೇನೆ, ಈ ಸಲ ಅವಳು ಬರೆದದ್ದು.